ಹಳದಿ ಬರುವ ಹೊತ್ತು

ಮಹದೇವಯ್ಯ ಮತ್ತೆ ಎದ್ದು ಅಡುಗೆಮನೆಗೆ ಹೋಗಿ ಒಲೆಯೊಳಗೆ ಬಗ್ಗಿ ನೋಡಿದ. ಬೂದಿ ಮಾತ್ರ ಇತ್ತು. ಮಧ್ಯಾಹ್ನದ ಅಡುಗೆ ಮುಗಿದು ಎರಡು ಗಂಟೆಯಾಗಿತ್ತು. ನೋಡುವುದಕ್ಕೆ ಏನೂ ಇಲ್ಲವೆಂದು ಅವನಿಗೂ ಗೊತ್ತಿತ್ತು. ಆದರೂ ಬೂದಿಯ ಮೇಲೆ ಅಂಗೈ ಹಿಡಿದು, ಬಿಸಿ ಎಷ್ಟಿದೆಯೆಂದು ಅಳೆದು, ಬಂದು ಜಗಲಿಯ ಮೇಲೆ ಕೂತ. ಕೂತ ಮೇಲೂ ಅವನ ಬಲಗಾಲು ಅಲ್ಲಾಡುತ್ತಲೇ ಇತ್ತು.

"ಇದು ಎಷ್ಟ್ನೇ ಸಲ?" ಎಂದಳು ಹೆಂಡತಿ ಶಿವರುದ್ರಮ್ಮ, ಮೊರದಲ್ಲಿ ಅಕ್ಕಿ ಆರಿಸುತ್ತ.

"ಯಾವುದು?"

"ಒಲೆ ನೋಡೋದು. ನಾನೇನು ಅದ್ರೊಳಗೆ ಹೊಗೆಸೊಪ್ಪು ಬೇಯಾಕೆ ಇಟ್ಟಿದ್ದೀನಾ? ಒಂದ್ ಗಳಿಗೆ ಕುಂತ್ಕೋ ಕಣಯ್ಯ. ನಿನ್ನ ನೋಡಿ ನೋಡಿ ನಂಗೇ ಕಾಲು ನೋಯ್ತವೆ."

ಅವನು ಅಲ್ಲಾಡುವ ಕಾಲನ್ನು ಕೈಯಿಂದ ಒತ್ತಿ ಹಿಡಿದ.

ಮೂವತ್ತೆರಡು ವರ್ಷ ಅವನು ಬ್ಯಾರನ್ನಿನಲ್ಲಿ, ಎಲೆ ಒಣಗಿಸುವ ಮನೆಯಲ್ಲಿ, ಹೊಗೆಸೊಪ್ಪು ಬೇಯಿಸಿದ್ದ. ಹುಣಸೂರಿನಿಂದ ಪಿರಿಯಾಪಟ್ಟಣದ ಕಡೆಗೆ ಎರಡು ಮೈಲಿ ಬಂದರೆ ಸಿಗುವ ಅವನ ಊರಿನಲ್ಲಿ ದೂರದಿಂದ ಮೊದಲು ಕಾಣುವುದೇ ಬ್ಯಾರನ್ನುಗಳು. ಎತ್ತರದ ಮಣ್ಣಿನ ಗೋಡೆ, ಹೊರಗಡೆ ಒಲೆಬಾಯಿ, ಒಳಗೆ ಬಿಸಿ ಹರಿಯುವ ಕಬ್ಬಿಣದ ಕೊಳವೆ, ಅದರ ಮೇಲೆ ಕಡ್ಡಿಗಳಿಗೆ ಕಟ್ಟಿ ಸಾಲುಸಾಲಾಗಿ ನೇತುಹಾಕಿದ ಹಸಿ ಎಲೆ. ಸೌದೆಯನ್ನು ಯಾರು ಬೇಕಾದರೂ ಹಾಕಬಹುದು. ಎಲೆಯ ಬಣ್ಣ ನೋಡಿ ಬೆಂಕಿ ಏರಿಸುವ ಹೊತ್ತು ಹೇಳುವವರು ಕಡಿಮೆ. ಮೊದಲ ಒಂದೂವರೆ ದಿನ ಬೆಂಕಿ ಸಣ್ಣಗಿರಬೇಕು, ಗಾಳಿಕಿಂಡಿಗಳು ಮುಚ್ಚಿರಬೇಕು. ಎಲೆ ತನ್ನ ಬೆವರಿನಲ್ಲೇ ನೆನೆಯುತ್ತ ನಿಧಾನವಾಗಿ ಹಳದಿಗೆ ತಿರುಗುತ್ತದೆ. ಹಳದಿ ಪೂರ್ತಿ ಬಂದ ಕೂಡಲೇ ಕಿಂಡಿ ತೆಗೆದು ಬೆಂಕಿ ಏರಿಸಿದರೆ ಬಣ್ಣ ನಿಲ್ಲುತ್ತದೆ. ಮೊದಲೇ ಏರಿಸಿದರೆ ಹಸಿರು ಕಟ್ಟಿಕೊಳ್ಳುತ್ತದೆ. ತಡವಾದರೆ ಕಂದುತ್ತದೆ. ಹಾಗಾಗಿ ಗಂಟೆಗೊಮ್ಮೆ ಏಳಬೇಕು, ಗೋಡೆಯಲ್ಲಿರುವ ಗಾಜಿನ ಕಿಂಡಿಯಲ್ಲಿ ಇಣುಕಬೇಕು.

ಹಳದಿ ಬಂದ ಆ ಹೊತ್ತಿನಲ್ಲಿ ಕಿಂಡಿಯೊಳಗೆ ಕಾಣುತ್ತಿದ್ದುದನ್ನು ಮಹದೇವಯ್ಯ ಯಾರಿಗೂ ಹೇಳಿರಲಿಲ್ಲ. ಸಾವಿರಾರು ಎಲೆಗಳು, ಒದ್ದೆ, ಒಂದರ ಮೇಲೊಂದು, ತಾವೇ ಬೆಳಕು ಕೊಡುತ್ತಿರುವ ಹಾಗೆ. ಅವನೂ ಅದನ್ನು ಸರಿಯಾಗಿ ನೋಡಿರಲಿಲ್ಲ. ಕಂಡ ತಕ್ಷಣ ಒಲೆಬಾಯಿಗೆ ಓಡಬೇಕಿತ್ತು. ಬೆಂಕಿ ಏರಿಸಿ ತಿರುಗಿ ಬಂದರೆ ಅದು ಬೇರೆ ಹಳದಿ. ಒಣಗಲು ಹೊರಟಿದ್ದು, ಮಾರುವುದಕ್ಕೆ ಇರುವಂಥದ್ದು.

ಹೋದ ವರ್ಷ ಹೊಗೆ ಎದೆಗೆ ಕಟ್ಟಿ ಉಸಿರು ಹಿಡಿಯಿತು. ಡಾಕ್ಟರು ಕೆಲಸ ಬಿಡಿಸಿದರು. ಅವನ ಕೈಕೆಳಗೆ ಕಲಿತ ಚಿಕ್ಕಮಾದಯ್ಯ ಆ ಜಾಗಕ್ಕೆ ಬಂದ. ಮಹದೇವಯ್ಯ ಮನೆಗೆ ಬಂದ. ಆದರೆ ಗಂಟೆಗೊಮ್ಮೆ ಏಳುವುದು ಅವನನ್ನು ಬಿಡಲಿಲ್ಲ.

ಆಗಸ್ಟಿನ ಒಂದು ಭಾನುವಾರ ಬೆಳಗ್ಗೆ ಶಿವರುದ್ರಮ್ಮ ಅವನ ಕೈಗೆ ಸೀಮೆಎಣ್ಣೆ ಡಬ್ಬ ಕೊಟ್ಟು ಹುಣಸೂರಿಗೆ ಅಟ್ಟಿದಳು. ಎಣ್ಣೆಗಿಂತ ಅವಳಿಗೆ ಅರ್ಧ ದಿನದ ನೆಮ್ಮದಿ ಬೇಕಾಗಿತ್ತು. ಪೇಟೆಯಲ್ಲಿ ಮಳೆ ಹಿಡಿದು ಅವನು ವಾಚನಾಲಯದ ಜಗಲಿಗೆ ಹತ್ತಿದ. ಜಗಲಿಗೂ ಎರಚಲು ಬಡಿದಾಗ ಒಳಗೆ ಸರಿದ. ಹಿಂದಿನ ಕೋಣೆಯಲ್ಲಿ ಎಂಟು ಜನ ಚಾಪೆಯ ಮೇಲೆ ಕೂತು ಚಿತ್ರ ಬರೆಯುತ್ತಿದ್ದರು. ಎಲ್ಲರೂ ಐವತ್ತು ದಾಟಿದವರು. ಡ್ರಾಯಿಂಗ್ ಮೇಷ್ಟ್ರು ಶಿವನಂಜಪ್ಪ ಈ ಭಾನುವಾರದ ತರಗತಿಯನ್ನು ಊರಿನ ತರುಣರಿಗೆಂದು ಆರಂಭಿಸಿದ್ದರು. ತರುಣರು ಎರಡು ವಾರ ಬಂದು ಬಿಟ್ಟುಬಿಟ್ಟರು. ಉಳಿದವರು ಇವರು.

"ಕೂತ್ಕೊಳ್ಳಿ ಯಜಮಾನ್ರೇ," ಎಂದರು ಮೇಷ್ಟ್ರು.

"ನಾನು ಮಳೆಗೆ ನಿಂತಿರೋನು."

"ಮಳೆ ನಿಲ್ಲೋವರೆಗೂ ಕೂತ್ಕೊಳ್ಳಿ."

"ನಾನೂ ಅಂಗೇ ಬಂದೋಳು ಕಣಪ್ಪ," ಎಂದಳು ಮೂಲೆಯಲ್ಲಿದ್ದ ದಪ್ಪ ಹೆಂಗಸು. ಕೋರ್ಟಿನ ಎದುರು ಇಡ್ಲಿ ಮಾರುವ ಚಾಮುಂಡಮ್ಮ. "ಮೂರು ತಿಂಗಳಾಯ್ತು. ಇನ್ನೂ ಮಳೆ ನಿಂತಿಲ್ಲ."

ಎಲ್ಲರೂ ನಕ್ಕರು. ಮೇಷ್ಟ್ರು ಒಂದು ಹಾಳೆ, ಒಂದು ಬ್ರಷ್ಷು, ಪಿಂಗಾಣಿ ಬಟ್ಟಲಲ್ಲಿ ಕಲಸಿದ ಬಣ್ಣ ಅವನ ಮುಂದಿಟ್ಟರು. "ಇದು ಹಳದಿ. ಸುಮ್ನೆ ಬಳೀರಿ, ಕೈ ಪಳಗಲಿ."

ಮಹದೇವಯ್ಯ ಬಟ್ಟಲನ್ನು ಕಿಟಕಿಯ ಕಡೆ ಎತ್ತಿ ನೋಡಿದ. "ಯಾವ ಹಳದಿ?"

"ಹಳದಿ ಅಂದ್ರೆ ಹಳದಿ."

"ಇದು ಬೇಗ ಬೆಂಕಿ ಏರ್ಸಿದ ಹಳದಿ ಮೇಷ್ಟ್ರೇ. ಅಡೀಲಿ ಹಸಿರೈತೆ."

ಶಿವನಂಜಪ್ಪ ಬಟ್ಟಲು ಇಸಿದುಕೊಂಡು ನೋಡಿದರು. ಆಮೇಲೆ ಪೆಟ್ಟಿಗೆಯಿಂದ ಇನ್ನೊಂದು ಹಳದಿ, ಒಂದು ಕೆಂಪು, ಒಂದು ಮಣ್ಣಿನ ಬಣ್ಣ ತೆಗೆದು ಅವನ ಪಕ್ಕದಲ್ಲಿಟ್ಟು, "ನಿಮಗೆ ಬೇಕಾದ್ದು ನೀವೇ ಕಲಸ್ಕೊಳ್ಳಿ," ಎಂದು ಹೊರಟುಹೋದರು.

ಅವನು ಕಲಸಿದ. ಒಂದು ಹನಿ ಕೆಂಪು ಹಾಕಿದ, ಹೆಚ್ಚಾಯಿತು. ನೀರು ಬಿಟ್ಟ, ತೆಳುವಾಯಿತು. ಮತ್ತೆ ಕಲಸಿದ. ಯಾರೋ ಚಾಪೆ ಸುತ್ತುತ್ತಿರುವ ಸದ್ದಿಗೆ ತಲೆ ಎತ್ತಿದಾಗ ಮಳೆ ಯಾವಾಗಲೋ ನಿಂತಿತ್ತು, ಗೋಡೆಯ ಗಡಿಯಾರದಲ್ಲಿ ಹನ್ನೆರಡಾಗಿತ್ತು. ಎರಡು ಗಂಟೆ ಅವನು ಎದ್ದಿರಲಿಲ್ಲ. ಏಳಲು ಹೋದರೆ ಎರಡೂ ಕಾಲು ಜೋಮು ಹಿಡಿದು ಗೋಡೆಗೆ ಒರಗಬೇಕಾಯಿತು. ಕಾಲಿನಲ್ಲಿ ಸೂಜಿ ಆಡುತ್ತಿದ್ದವು. ಅವನು ಅಲ್ಲೇ ನಿಂತು, ಯಾರಿಗೂ ಕಾಣದ ಹಾಗೆ, ನಕ್ಕ.

"ಎಣ್ಣೆ ಎಲ್ಲಿ?" ಎಂದಳು ಮನೆಯಲ್ಲಿ ಶಿವರುದ್ರಮ್ಮ.

ಡಬ್ಬ ಖಾಲಿಯಾಗಿಯೇ ವಾಪಸ್ಸು ಬಂದಿತ್ತು.

ಆಮೇಲೆ ವಾರದ ಆರು ದಿನ ಮೊದಲಿನ ಹಾಗೇ ಏಳುತ್ತ ಕೂರುತ್ತ ಕಳೆದವು. ಏಳನೆಯ ದಿನಕ್ಕೆ ಅವನು ಕಾಯುತ್ತಿದ್ದ. ಬರೆಯಬೇಕಾದ್ದು ಏನೆಂದು ಅವನಿಗೆ ಮೊದಲ ದಿನವೇ ಗೊತ್ತಿತ್ತು. ಗಾಜಿನ ಕಿಂಡಿಯೊಳಗಿನ ಎಲೆ, ಆ ಹೊತ್ತಿನ ಎಲೆ. ಚಾಮುಂಡಮ್ಮ ಲಕ್ಷ್ಮಣತೀರ್ಥ ಹೊಳೆಯ ಸೇತುವೆ ಬರೆದಳು. ತಾನು ಮದುವೆಯಾಗಿ ಬಂದಾಗ ಇದ್ದ ಹಾಗೆ, ಬಟ್ಟೆ ಒಗೆಯುವ ಕಲ್ಲುಗಳ ಸಮೇತ. ಇನ್ನೊಬ್ಬರು ಎತ್ತು ಬರೆದರು, ಮತ್ತೊಬ್ಬರು ತಮ್ಮ ಹೊಲಿಗೆ ಯಂತ್ರ. ಮಹದೇವಯ್ಯನ ಹಾಳೆಯಲ್ಲಿ ವಾರವಾರವೂ ಹಳದಿ ಎಲೆಯೇ.

"ಇನ್ನೂ ಬೆಂದಿಲ್ವಾ ನಿಮ್ ಸೊಪ್ಪು?" ಎನ್ನುತ್ತಿದ್ದಳು ಚಾಮುಂಡಮ್ಮ.

ಬೇಯುತ್ತಿತ್ತು, ನಿಲ್ಲುತ್ತಿರಲಿಲ್ಲ. ಹಾಳೆ ಒದ್ದೆಯಿದ್ದಾಗ ಹೆಚ್ಚುಕಡಿಮೆ ಅದೇ ಹಳದಿ. ಒಣಗುತ್ತ ಬಂದಂತೆ ಬಣ್ಣ ಒಳಗಿಳಿದು ಸುಣ್ಣ ಬಳಿದ ಹಾಗೆ ಬಿಳಿಚಿಕೊಳ್ಳುತ್ತಿತ್ತು. "ನೀರುಬಣ್ಣ ಅಂದ್ರೆ ಹಾಗೇನೇ, ಒಣಗಿದ ಮೇಲೆ ಒಂದು ಪಟ್ಟು ಇಳೀತದೆ," ಎಂದು ಮೇಷ್ಟ್ರು ಹೇಳಿದ್ದರು. ಮಹದೇವಯ್ಯ ತಲೆಯಾಡಿಸಿದ್ದ, ಒಪ್ಪಿರಲಿಲ್ಲ. ಬಣ್ಣ ತಾನಾಗಿ ಇಳಿಯುವುದಿಲ್ಲ, ಒಣಗಿಸುವವನ ತಪ್ಪಿನಿಂದ ಇಳಿಯುತ್ತದೆ ಎಂದು ಮೂವತ್ತೆರಡು ವರ್ಷ ನಂಬಿದ್ದವನು ಅವನು.

ಅಕ್ಟೋಬರ್ ಎರಡಕ್ಕೆ ಗಾಂಧಿ ಜಯಂತಿ. ಅಂದು ಎಲ್ಲರ ಚಿತ್ರಗಳನ್ನು ವಾಚನಾಲಯದ ಗೋಡೆಗೆ ಹಾಕುವುದೆಂದು ಮೇಷ್ಟ್ರು ಸಾರಿಬಿಟ್ಟಿದ್ದರು. ಸೆಪ್ಟೆಂಬರಿನ ಕೊನೆಯ ಭಾನುವಾರ ಒಂಬತ್ತು ಜನವೂ ತಮ್ಮ ತಮ್ಮ ಚಿತ್ರಕ್ಕೆ ಕೊನೆಯ ಕೈ ಹಾಕಿದರು. ಅಂದು, ಹನ್ನೊಂದೂವರೆಯ ಸುಮಾರಿಗೆ, ಮಹದೇವಯ್ಯನ ಹಾಳೆಯಲ್ಲಿ ಆ ಹಳದಿ ಬಂತು.

ಅವನ ಬ್ರಷ್ಷು ನಿಂತಿತು. ಅದೇ. ಒದ್ದೆ, ತುಂಬಿದ, ಒಳಗಿಂದ ಬೆಳಕು ಬರುವ ಹಳದಿ. ಹೊರಗೆ ಜಡಿಮಳೆ, ಗಾಳಿಯೆಲ್ಲ ತೇವ. ಬಲಗಾಲು ಅಲ್ಲಾಡಲು ಶುರುವಾಯಿತು. ಇವತ್ತು ಆರುವುದು ತಡವಾಗುತ್ತದೆ, ಆದರೂ ಆರಿದ ಕೂಡಲೇ ಇದು ಸಾಯುತ್ತದೆ. ಎದ್ದು ಏನಾದರೂ ಮಾಡಬೇಕು.

"ಈ ಮಳೇಲಿ ಇವನ್ನ ಒಣಗಿಸೋದು ಹೇಗಪ್ಪಾ," ಎಂದು ಮೇಷ್ಟ್ರು ಅಂದದ್ದೇ ತಡ.

"ನನಗೆ ಕೊಡಿ," ಎಂದ ಮಹದೇವಯ್ಯ. ಅವನ ದನಿ ಅಷ್ಟು ಜೋರಾಗಿ ಎಂದೂ ಕೇಳಿರಲಿಲ್ಲ. "ಎಲ್ಲಾರ್ದೂ ಕೊಡಿ. ಒಣಗಿಸೋದು ನನ್ ಕಸುಬು. ಬಣ್ಣ ನಿಲ್ಲಿಸಿ ತಂದ್ಕೊಡ್ತೀನಿ."

ಯಾರೂ ಬೇಡವೆನ್ನಲಿಲ್ಲ. ಹಾಳೆಗಳನ್ನು ಹಲಗೆಗಳ ಮೇಲಿಟ್ಟು, ಹಲಗೆಗಳ ನಡುವೆ ಕಡ್ಡಿ ಕೊಟ್ಟು, ಊರಿಗೆ ವಾಪಸಾಗುತ್ತಿದ್ದ ಸೌದೆ ಗಾಡಿಯಲ್ಲಿ ಟಾರ್ಪಾಲು ಹೊದಿಸಿ ತೆಗೆದುಕೊಂಡು ಹೋದ. ಗಾಡಿಯಲ್ಲಿ ಕೂರಲಾಗದೆ ಅರ್ಧ ದಾರಿ ಇಳಿದು ಪಕ್ಕದಲ್ಲೇ ನಡೆದ.

ಬ್ಯಾರನ್ನಿನಲ್ಲಿ ಚಿಕ್ಕಮಾದಯ್ಯ ಬೆಳಗ್ಗೆಯಷ್ಟೇ ಹಸಿ ಎಲೆ ತುಂಬಿಸಿ ಸಣ್ಣ ಬೆಂಕಿ ಹಾಕಿದ್ದ. ಹಲಗೆಗಳನ್ನು ನೋಡಿ ಅವನಿಗೆ ನಗು ಬಂತು.

"ಒಲೆಬಾಯಿ ಪಕ್ಕ ನೇತಾಕಿ ಮಹದೇವಣ್ಣ. ಅರ್ಧ ಗಂಟೇಲಿ ಅಪ್ಪಳ ಆಯ್ತವೆ."

"ಅಂಗೆ ಒಣಗ್ಸಿದ್ರೆ ಬಣ್ಣ ಸತ್ತೋಯ್ತದೆ ಕಣ್ಲಾ. ನಾನೇ ಅಲ್ವಾ ನಿಂಗೆ ಹೇಳ್ಕೊಟ್ಟಿದ್ದು? ಮೊದ್ಲು ಮೆತ್ಗೆ ಶಾಖ ಕುಡೀಬೇಕು. ಆಮೇಲೆ ಬೆಂಕಿ."

"ಅದು ಎಲೆಗೆ. ಇದು ಕಾಗದ."

"ಬಣ್ಣ ಬಣ್ಣಾನೇ."

ಗುರುವಿನ ಮಾತು. ಚಿಕ್ಕಮಾದಯ್ಯ ಭುಜ ಕುಣಿಸಿ ಬಾಗಿಲು ತೆಗೆದುಕೊಟ್ಟ. ಮಹದೇವಯ್ಯ ಹಾಳೆಗಳನ್ನು ಎಲೆಯ ಹಾಗೆಯೇ ಕಡ್ಡಿಗಳಿಗೆ ಸಿಕ್ಕಿಸಿ, ಕೆಳಗಿನ ಸಾಲಿನಲ್ಲಿ, ಗಾಜಿನ ಕಿಂಡಿಗೆ ಕಾಣುವಂತೆ ನೇತುಹಾಕಿದ. ತನ್ನದನ್ನು ಎಲ್ಲಕ್ಕಿಂತ ಮುಂದೆ.

"ಇನ್ನು ಬಾಗಿಲು ತೆಗೀಬ್ಯಾಡಿ ಮತ್ತೆ," ಎಂದ ಚಿಕ್ಕಮಾದಯ್ಯ. "ಶಾಖ ಓಯ್ತದೆ."

ಎರಡು ಗಂಟೆಗೆ ನೇತುಹಾಕಿದ್ದು. ಮೂರಕ್ಕೆ ಕಿಂಡಿಗೆ ಮುಖ ಒತ್ತಿದ. ಹಳದಿ ಹಾಗೇ ಇತ್ತು, ಒಂದಿಷ್ಟೂ ಇಳಿದಿರಲಿಲ್ಲ. ನೋಡಿದಿರಾ ಮೇಷ್ಟ್ರೇ, ಎಂದು ಒಳಗೇ ಹೇಳಿಕೊಂಡ. ಒಲೆಬಾಯಿಯ ತನಕ ಹೋದ, ಬಂದ. ಬೇಲಿಯ ತನಕ ಹೋದ, ಬಂದ. ನಾಲ್ಕಕ್ಕೆ ಗಾಜು ಮಬ್ಬಾಗಿತ್ತು. ಬೆರಳಿನಿಂದ ಉಜ್ಜಿದ. ಮಬ್ಬು ಒಳಗಡೆಯದು. ಎಲೆ ಬೆವರಲು ಶುರುಮಾಡಿತ್ತು.

ಅದು ಅವನಿಗೆ ಗೊತ್ತಿದ್ದ ವಿಷಯವೇ. ಮೂವತ್ತೆರಡು ವರ್ಷ ದಿನವೂ ನೋಡಿದ್ದು. ಎಲೆ ಬೆವರುತ್ತದೆ, ಬೆವರು ತೊಟ್ಟಿಕ್ಕುತ್ತದೆ, ಕೆಳಗಿನ ಸಾಲಿನ ಎಲೆ ತೋಯುತ್ತದೆ. ಎಲೆಗೆ ಅದು ಒಳ್ಳೆಯದು. ಎಲೆಯ ಬಣ್ಣ ಒಳಗಿನದು.

ಮಬ್ಬಿನ ನಡುವೆ ಒಂದು ಗೆರೆ ಕಾಣಿಸಿತು. ಚಾಮುಂಡಮ್ಮನ ಸೇತುವೆಯ ಮೇಲಿನಿಂದ ಒಂದು ಹನಿ ಇಳಿದು, ಆಕಾಶವನ್ನು ಎಳೆದುಕೊಂಡು, ಬಟ್ಟೆಯ ಕಲ್ಲುಗಳ ಮೇಲೆ ಹರಿಯಿತು. ಆಮೇಲೆ ಇನ್ನೊಂದು ಹನಿ.

ಮಹದೇವಯ್ಯ ಒಲೆಬಾಯಿಗೆ ಓಡಿದ. ಪಕ್ಕದಲ್ಲಿ ಒಣ ಸೌದೆಯ ರಾಶಿ ಇತ್ತು. ಎರಡು ದೊಡ್ಡ ಕೊರಡು ತಳ್ಳಿ, ಗಾಳಿಕಿಂಡಿ ಪೂರ್ತಿ ತೆಗೆದರೆ ಹತ್ತು ನಿಮಿಷದಲ್ಲಿ ಒಳಗಿನ ಆವಿ ಹೋಗುತ್ತದೆ, ಹಾಳೆ ಬಿಗಿಯುತ್ತದೆ, ಉಳಿದಷ್ಟು ಉಳಿಯುತ್ತದೆ. ಅವನು ಒಂದು ಕೊರಡು ಎತ್ತಿಯೂ ಬಿಟ್ಟಿದ್ದ. ಚಿಕ್ಕಮಾದಯ್ಯ ಸ್ವಲ್ಪ ದೂರದಲ್ಲಿ ಬೀಡಿ ಹಿಡಿದು ಕೂತಿದ್ದವನು ಎದ್ದು ನಿಂತ. ಈಗ ಬೆಂಕಿ ಏರಿಸಿದರೆ ಬ್ಯಾರನ್ನಿನಲ್ಲಿರುವ ಎಲೆಯೆಲ್ಲ ಹಸಿರಲ್ಲೇ ಕಟ್ಟಿಕೊಳ್ಳುತ್ತದೆ. ಅದನ್ನು ಅವನಿಗೆ ಕಲಿಸಿದವನೂ ಮಹದೇವಯ್ಯನೇ.

ಕೊರಡನ್ನು ರಾಶಿಯ ಮೇಲೆ ಇಟ್ಟ.

"ಬಾಗ್ಲು ತೆಗಿ ಮಾದಯ್ಯ. ಒಂದೇ ಸಲ."

ಇಬ್ಬರೂ ಒಳಗೆ ಹೋಗಿ ಹಾಳೆಗಳನ್ನು ತೆಗೆದರು. ಕೈಯಲ್ಲಿ ಅವು ಬೆಂದ ಎಲೆಕೋಸಿನ ಹಾಗೆ ಜೋತುಬಿದ್ದವು. ಎತ್ತಿನ ಕಾಲು ಎಲ್ಲಿ, ಹೊಲಿಗೆ ಯಂತ್ರದ ಚಕ್ರ ಎಲ್ಲಿ, ಗೊತ್ತಾಗುತ್ತಿರಲಿಲ್ಲ. ಅವನ ಹಳದಿ ಮಣ್ಣಿನ ಬಣ್ಣದೊಳಗೆ ಬಿದ್ದು ಕದಡಿದ ನೀರಾಗಿತ್ತು. ಮೇಲಿನ ಸಾಲಿನ ಎಲೆಗಳಿಂದ ತೊಟ್ಟಿಕ್ಕುವ ಸದ್ದು ಒಳಗೆ ನಿಲ್ಲದೆ ಕೇಳುತ್ತಿತ್ತು.

ಆ ವಾರ ಅವನು ಮನೆಯಲ್ಲಿ ಒಂದು ಕಡೆ ಕೂರಲಿಲ್ಲ. ಒಲೆ ನೋಡಿದ, ಹಿತ್ತಲು ನೋಡಿದ, ಹಲಗೆಗಳನ್ನು ಅಟ್ಟದಿಂದ ಇಳಿಸಿ ನೋಡಿ ಮತ್ತೆ ಅಟ್ಟಕ್ಕೆ ಹಾಕಿದ. ಶಿವರುದ್ರಮ್ಮ ಮೂರು ದಿನ ಸುಮ್ಮನಿದ್ದಳು. ಅವಳು ಸುಮ್ಮನಿದ್ದದ್ದು ಅವನಿಗೆ ಇನ್ನೂ ಹೆದರಿಕೆ ತಂದಿತು.

"ಭಾನುವಾರ ಓಗಾಕಿಲ್ವಾ?" ಎಂದಳು ಕೊನೆಗೆ.

"ಯಾವ ಮುಖ ಇಟ್ಕೊಂಡು ಓಗ್ಲಿ? ಎಂಟು ಜನದ ಕೆಲ್ಸ ಹಾಳ್ಮಾಡಿದ್ದೀನಿ. ಒಳಗೆ ಸೇರ್ಸಾಕಿಲ್ಲ."

"ಸೇರ್ಸದಿದ್ರೆ ಬಾ. ಇಲ್ಲಿ ಒಲೆ ಐತಲ್ಲ, ನೋಡ್ಕೊಂಡು ಕುಂತಿರು." ಮೆಲ್ಲಗೆ ಸೇರಿಸಿದಳು. "ಓಗಿ ಬುಡು. ಭಾನುವಾರ ಬಂದ ಮ್ಯಾಲೆ ಒಂದೊತ್ತಾದ್ರೂ ನೀನು ಕಾಲು ಅಲ್ಲಾಡಿಸ್ದೆ ಉಣ್ತಿದ್ದೆ. ನಾನು ನೋಡಿದ್ದೀನಿ."

ಅವನು ಹೋದ. ಅಕ್ಟೋಬರ್ ಒಂದು, ಭಾನುವಾರ. ಒಣಗಿ ಸೊಟ್ಟಗಾದ ಒಂಬತ್ತು ಹಾಳೆಗಳನ್ನು ಚಾಪೆಯ ಮೇಲೆ ಸಾಲಾಗಿ ಇಟ್ಟು ಬಾಗಿಲ ಹತ್ತಿರವೇ ನಿಂತ. ಹೊಲಿಗೆ ಯಂತ್ರ ಬರೆದವರು ತಮ್ಮ ಹಾಳೆಯನ್ನು ತಿರುಗಿಸಿ ನೋಡಿದರು, ಹಿಂದುಗಡೆ ಏನಾದರೂ ಉಳಿದಿದೆಯೋ ಎಂಬಂತೆ.

"ಬ್ಯಾರನ್ನಿಗೆ ಹಾಕ್ದೆ," ಎಂದ ಮಹದೇವಯ್ಯ. "ಎಲೆ ಅನ್ಕೊಂಡೆ."

"ಎಲೆ ಅನ್ಕೊಂಡ್ರಂತೆ!" ಚಾಮುಂಡಮ್ಮ ತನ್ನ ಹಾಳೆ ಎತ್ತಿ ಹಿಡಿದಳು. "ಆ ಸೇತುವೆ ಈಗ ಎಲ್ಲೂ ಇಲ್ಲ ಕಣ್ರೀ. ನನ್ ತಲೇಲಿ ಮಾತ್ರ ಇತ್ತು. ಐದು ವಾರ ಎಳೆದೂ ಎಳೆದೂ ಈಚೆ ತಂದಿದ್ದೆ. ಬೇಯಿಸಿ ತಂದವ್ರೆ!"

ಮಹದೇವಯ್ಯ ತಲೆ ತಗ್ಗಿಸಿದ. ಅವನ ಕಾಲು ಬಾಗಿಲ ಕಡೆಗೆ ತಿರುಗಿತ್ತು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಗಡಿಯಾರ ನೋಡಿದರು.

"ಹಾಳೆ ಇವೆ," ಎಂದರು. "ಸಂಜೆವರೆಗೂ ಬಾಗಿಲು ತೆಗೆದಿರ್ತೀನಿ. ಬರೆಯೋರು ಬರೀರಿ."

ಚಾಮುಂಡಮ್ಮ ತನ್ನ ಹಾಳೆಯನ್ನೇ ನೋಡುತ್ತ ಬಹಳ ಹೊತ್ತು ಕೂತಿದ್ದಳು. ಆಮೇಲೆ ಹೊಸ ಹಾಳೆ ಎಳೆದುಕೊಂಡು, ತಲೆ ಎತ್ತದೆ ಅಂದಳು, "ಓಯ್ ಸೊಪ್ಪಿನ ಯಜಮಾನ್ರೇ, ಕಂಬದಂಗೆ ನಿಂತ್ರೆ ಆಯ್ತದಾ? ನಾನು ಗೀಟು ಹಾಕ್ತೀನಿ. ಬಣ್ಣ ನೀವು ಕಲಸ್ಕೊಡಿ. ಬೆಳಗಿನ ಜಾವದ ನೀರು. ಹಸಿರೂ ಅಲ್ಲ, ನೀಲೀನೂ ಅಲ್ಲ. ತಪ್ಪಿದ್ರೆ ಬೈತೀನಿ."

ತಪ್ಪಿತು, ಬೈದಳು. ಎರಡನೆಯ ಸಲವೂ ಬೈದಳು. ಮೂರನೆಯ ಬಟ್ಟಲು ನೋಡಿ ಸುಮ್ಮನಾಗಿ ಬ್ರಷ್ಷು ಅದ್ದಿದಳು. ಎತ್ತಿನವರು ಕರೆದರು, ಹೊಲಿಗೆ ಯಂತ್ರದವರು ಕರೆದರು. ಮಹದೇವಯ್ಯ ಒಬ್ಬರಿಂದ ಒಬ್ಬರಿಗೆ ಏಳುತ್ತ ಕೂರುತ್ತ ಕಲಸಿಕೊಟ್ಟ. "ಒಣಗಿದ್ರೆ ಇಳೀತದೆ, ಒಂದ್ ಪಟ್ಟು ಜಾಸ್ತಿ ಬಳೀರಿ," ಎಂದು ಅವನ ಬಾಯಿಂದಲೇ ಬಂತು. ಮೇಷ್ಟ್ರು ಆ ಕಡೆ ನೋಡಿದರು. ಕಿಟಕಿಗಳನ್ನೆಲ್ಲ ತೆಗೆದಿದ್ದರು. ಮಳೆ ಹೊಳವಾಗಿ ಗಾಳಿ ಆಡುತ್ತಿತ್ತು.

ನಾಲ್ಕು ಗಂಟೆಯ ಹೊತ್ತಿಗೆ ಎಂಟು ಹಾಳೆಗಳು ತಂತಿಯ ಮೇಲೆ ತೂಗುತ್ತಿದ್ದವು. ಮೊದಲಿನಷ್ಟು ಚೆನ್ನಾಗಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಚಾಮುಂಡಮ್ಮನ ಸೇತುವೆಗೆ ಈ ಸಲ ಬಟ್ಟೆಯ ಕಲ್ಲುಗಳಿರಲಿಲ್ಲ. ಅವಳು ಕೈ ತೊಳೆದು, ಅವನ ಕಡೆ ನೋಡದೆ, ಹೋದಳು.

"ನಿಮ್ಮದು?" ಎಂದರು ಮೇಷ್ಟ್ರು.

"ಬೇಡ ಬುಡಿ."

ಮೇಷ್ಟ್ರು ಒಂದು ಹಾಳೆ ಅವನ ಮುಂದೆ ಇಟ್ಟು ಪತ್ರಿಕೆ ಓದಲು ಹೊರಗೆ ಹೋದರು.

ಕೋಣೆಯಲ್ಲಿ ಅವನೊಬ್ಬನೇ. ಬಟ್ಟಲುಗಳ ತಳದಲ್ಲಿ ಅವರಿವರದು ಉಳಿದಿತ್ತು. ಎತ್ತಿನ ಕಂದು, ನೀರಿನ ತಿಳಿ, ಯಾರದೋ ಸೀರೆಯ ಕೆಂಪು. ಹಳದಿಗೆ ಒಂದೊಂದೇ ಹನಿ ಬಿಟ್ಟುಕೊಂಡ. ಎಲೆ ಬರೆಯಲು ಹೋಗಲಿಲ್ಲ. ಹಾಳೆಯ ತುಂಬ ಬಣ್ಣವನ್ನಷ್ಟೇ, ಒಂದರ ಮೇಲೊಂದು ಒದ್ದೆಯಾಗಿ, ಬಿಡುತ್ತ ಹೋದ. ಒದ್ದೆಯಿದ್ದಲ್ಲೆಲ್ಲ ಬಣ್ಣ ಹರಡಿತು.

ಹಳದಿ ಬಂತು.

ಬಲಗಾಲು ತಾನಾಗಿ ಮಡಚಿ ಏಳಲು ಹೊರಟಿತು. ಅಂಗೈ ನೆಲಕ್ಕೆ ಊರಿತು. ಹಾಗೇ ಅರ್ಧಕ್ಕೆ ನಿಂತ. ಓಡಲು ಎಲ್ಲಿಯೂ ಒಲೆಬಾಯಿ ಇರಲಿಲ್ಲ. ತೆಗೆಯಲು ಕಿಂಡಿ ಇರಲಿಲ್ಲ. ಇದು ಇನ್ನು ಕಾಲು ಗಂಟೆ ಇರುತ್ತದೆ, ಆಮೇಲೆ ಇಳಿಯುತ್ತದೆ. ಅದಕ್ಕೆ ಅವನು ಮಾಡಬೇಕಾದ್ದು ಏನೂ ಇಲ್ಲ.

ಅವನು ಕೂತ. ಕೂತು ನೋಡಿದ.

ಹೊತ್ತು ಮೀರಿತೆಂದು ಕೊಡೆ ಹಿಡಿದು ಹುಡುಕಿಕೊಂಡು ಬಂದ ಶಿವರುದ್ರಮ್ಮ ಬಾಗಿಲಲ್ಲಿ ನಿಂತಳು. ಮೊದಲು ಅವನ ಕಾಲು ನೋಡಿದಳು. ಆಮೇಲೆ ಹಾಳೆ. ಕೊಡೆಯನ್ನು ಗೋಡೆಗೆ ಒರಗಿಸಿ ಅವನ ಪಕ್ಕದಲ್ಲಿ ಚಾಪೆಯ ಮೇಲೆ ಕೂತಳು.

"ಇದೇನಾ ನೀನು ಬ್ಯಾರನ್ನೊಳಗೆ ಇಣುಕಿ ನೋಡ್ತಿದ್ದದ್ದು?"

"ಹೂಂ."

ಅವಳು ಹಾಳೆಯ ಮೇಲೆ ಬಗ್ಗಿದಳು. ಹಾಳೆಯ ಅಂಚಿನಿಂದ ಬಣ್ಣ ಆರುತ್ತ, ಒಂದು ಬೆರಳಷ್ಟು ಅಗಲ ಆಗಲೇ ಬಿಳಿಚಿಕೊಂಡಿತ್ತು.

"ಅಯ್ಯೋ, ಓಗ್ತಾ ಐತಲ್ಲ ಇದು."

"ಓಗ್ತದೆ."

"ಮತ್ತೆ?"

ಮಹದೇವಯ್ಯ ಎದ್ದು ಮೇಷ್ಟ್ರ ಮೇಜಿನ ಕಡೆ ನೋಡಿದ. ಅಲ್ಲಿ ಇನ್ನೂ ನಾಲ್ಕೈದು ಹಾಳೆಗಳಿದ್ದವು. ಒಂದನ್ನು ತಂದು ಚಾಪೆಯ ಮೇಲೆ ಹಾಸಿದ.

"ಹೊರಗೆ ಇನ್ನೂ ಬೆಳಕೈತೆ," ಎಂದ. "ಒಂದ್ ಗಳಿಗೆ ಕುಂತ್ಕೋ."